ಗೂಡಿನ ಮರಿ, ಶಾಲೆಯ ಮಗು: ಉಳಿತಾಯ ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲದು



ಅಡಿಕೆ ತೋಟ ಹಾಕುವವರು ಸಸಿಯ ವಿಷಯದಲ್ಲಿ ಎಷ್ಟು ಎಚ್ಚರ ವಹಿಸುತ್ತಾರೆ ಎಂಬುದು ನಮಗೆಲ್ಲ ಗೊತ್ತಿರುವ ಸಂಗತಿ. ಒಳ್ಳೆಯ ತಾಯಿಮರ ನೋಡಿ ಬೀಜದಡಿಕೆ ಆಯ್ದು, ಪಾತಿಯಲ್ಲಿ ಮೊಳೆಯಿಸಿ, ನೆರಳು ಕಟ್ಟಿ ಬೆಳೆಸುತ್ತೇವೆ. ಎಳೆಯದರಲ್ಲಿ ನೀರು, ನೆರಳು ತಪ್ಪಿದ ಸಸಿಗೆ ಐದನೆಯ ವರ್ಷದಲ್ಲಿ ಎಷ್ಟು ಗೊಬ್ಬರ ಸುರಿದರೂ ಅದು ಪಕ್ಕದ ಮರಕ್ಕೆ ಸಮನಾಗುವುದಿಲ್ಲ. ತಾಯಿಬೇರು ಸೊಟ್ಟಗಾದ ಕಾಫಿ ಸಸಿಯ ಕಥೆಯೂ ಅಷ್ಟೇ. ಬೆಳೆಯುವ ಸಿರಿ ಮೊಳಕೆಯಲ್ಲೇ ಕಾಣುತ್ತದೆ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ತೋಟದಲ್ಲಿ ನಾವು ತಪ್ಪದೆ ಪಾಲಿಸುವ ಈ ನಿಯಮವನ್ನು ಎರಡು ಕಡೆ ಮರೆಯುತ್ತಿದ್ದೇವೆ. ಒಂದು, ಉಪಕಸುಬಾಗಿ ಸಾಕುವ ಬ್ರಾಯ್ಲರ್ ಕೋಳಿಯ ಗೂಡಿನಲ್ಲಿ. ಇನ್ನೊಂದು, ನಮ್ಮ ಮಕ್ಕಳ ತಟ್ಟೆಯಲ್ಲಿ. ಎರಡನ್ನೂ ಒಟ್ಟಿಗೆ ಬರೆಯಲು ಕಾರಣವಿದೆ.

ಶಾಲೆ ತೆರೆಯುವ ಮುನ್ನ ನಮ್ಮ ಸದಸ್ಯರೊಬ್ಬರು ಕಚೇರಿಗೆ ಬಂದು, ಮಗಳ ಫೀಸಿಗೆಂದು ಮುಂಗಡ ಕೇಳಿದರು. ಹನೂರಿನ ಕಡೆಯವರು, ಎರಡು ಎಕರೆ ತೋಟದ ಜೊತೆಗೆ 200 ಮರಿ ಸಾಕುವ ಸಣ್ಣ ಶೆಡ್ ಇದೆ. ಕೋಳಿ ಮಾರಿದ ದುಡ್ಡು ಎಲ್ಲಿ ಹೋಯಿತೆಂದು ವಿಚಾರಿಸಿದೆ. "ಫೀಡು ಕಮ್ಮಿ ರೇಟ್‌ಗೇ ಸಿಕ್ತು ಸ್ವಾಮಿ, ಆದ್ರೂ ದುಡ್ಡು ಉಳೀನಿಲ್ಲ" ಎಂದರು. ಮೊದಲ ದಿನದಿಂದಲೇ ಅಗ್ಗದ ಬಿಡಿ ಫೀಡಿಗೆ ತೌಡು ಬೆರೆಸಿ ಹಾಕಿದ್ದರು. ನಲವತ್ತು ದಿನಕ್ಕೆ ತೂಗಬೇಕಾದ ಕೋಳಿ ಐವತ್ತೈದು ದಿನ ತೆಗೆದುಕೊಂಡಿತು. ಹೆಚ್ಚಿನ ಹದಿನೈದು ದಿನ ಬಿದ್ದದ್ದು ಮಾರ್ಚ್ ತಿಂಗಳಲ್ಲಿ. ಗಂಡಹೆಂಡಿರಿಬ್ಬರೂ ಕೂಲಿಗೆ ಹೋಗುತ್ತಿದ್ದುದರಿಂದ ಕೋಳಿ ನೋಡಿಕೊಳ್ಳಲು ಎಂಟನೆಯ ತರಗತಿಯ ಮಗನನ್ನು ಪರೀಕ್ಷೆಯ ಹೊತ್ತಿನಲ್ಲಿ ಮನೆಯಲ್ಲಿ ನಿಲ್ಲಿಸಿಕೊಂಡಿದ್ದರು. ಅಗ್ಗದ ಫೀಡಿನ ಬೆಲೆಯನ್ನು ಮಗಳ ಫೀಸು ಮತ್ತು ಮಗನ ಪರೀಕ್ಷೆ, ಎರಡೂ ತೆತ್ತವು.

ಅಗ್ಗದ ಫೀಡಿನ ಲೆಕ್ಕ

ಬ್ರಾಯ್ಲರ್ ಸಾಕಣೆಯ ಒಟ್ಟು ಖರ್ಚಿನಲ್ಲಿ ಸುಮಾರು ಮೂರನೆಯ ಎರಡು ಭಾಗ ಆಹಾರದ್ದೇ. ಆದ್ದರಿಂದ ಆಹಾರದಲ್ಲಿ ಉಳಿಸಬೇಕೆನ್ನುವುದು ಸರಿಯಾದ ಯೋಚನೆ. ಆದರೆ ಫೀಡಿನ ಬೆಲೆಯನ್ನು ಮೂಟೆಯ ಮೇಲೆ ನೋಡಬಾರದು, ತಕ್ಕಡಿಯಲ್ಲಿ ನೋಡಬೇಕು. ಒಂದು ಕಿಲೋ ಕೋಳಿ ಬೆಳೆಯಲು ಎಷ್ಟು ರೂಪಾಯಿಯ ಆಹಾರ ಹೋಯಿತು ಎಂಬುದೊಂದೇ ಲೆಕ್ಕ. ಅಂದು ಆ ಸದಸ್ಯರೊಡನೆ ಕುಳಿತು ಹಾಕಿದ ಲೆಕ್ಕವನ್ನು ಇಲ್ಲಿ ಕೊಡುತ್ತೇನೆ. ದರಗಳನ್ನು ಉದಾಹರಣೆಗೆಂದು ಹಿಡಿದಿದೆ. ತಾವು ತಮ್ಮ ಊರಿನ ದರ ಹಾಕಿ ನೋಡಿಕೊಳ್ಳಬಹುದು.

ಎರಡು ಕಿಲೋ ಕೋಳಿಗೆ ಒಳ್ಳೆಯ ಫೀಡು ಒಟ್ಟು 3.5 ಕಿಲೋ ಸಾಕು. ಮೊದಲ ಮೂರು ವಾರ ಸ್ಟಾರ್ಟರ್ 1.2 ಕಿಲೋ, ಕಿಲೋಗೆ 44 ರೂ.ನಂತೆ 52.80 ರೂ. ಆಮೇಲೆ ಫಿನಿಷರ್ 2.3 ಕಿಲೋ, 42 ರೂ.ನಂತೆ 96.60 ರೂ. ಒಟ್ಟು 149.40 ರೂ.

ಅಗ್ಗದ ಫೀಡು ಕಿಲೋಗೆ 34 ರೂ. ಮಾತ್ರ. ಆದರೆ ಅದೇ ತೂಕ ಬರಲು 4.8 ಕಿಲೋ ತಿಂದಿದೆ. ಅಂದರೆ 163.20 ರೂ. ಒಂದು ಕೋಳಿಗೆ 13.80 ರೂ. ನಷ್ಟ, 200 ಕೋಳಿಗೆ 2,760 ರೂ. ಹದಿನೈದು ದಿನದ ದುಡಿಮೆ, ಸತ್ತ ಕೋಳಿ, ಕರೆಂಟು ಇವೆಲ್ಲ ಇದರ ಮೇಲೆ.

ಮೂರನೆಯ ದಾರಿಯೊಂದಿದೆ. ಮೊದಲ ಮೂರು ವಾರ ಒಳ್ಳೆಯ ಸ್ಟಾರ್ಟರನ್ನೇ ಹಾಕಿ, ಆಮೇಲಿನ ಫಿನಿಷರನ್ನು ಊರಿನಲ್ಲಿ ಸಿಗುವ ಪದಾರ್ಥಗಳಿಂದ ಅಳತೆ ತಪ್ಪದೆ ತಾವೇ ಬೆರೆಸಿಕೊಳ್ಳುವುದು. ಅದು ಕಿಲೋಗೆ 35 ರೂ. ಬಿದ್ದು, 2.5 ಕಿಲೋ ಖರ್ಚಾದರೂ ಒಟ್ಟು 140.30 ರೂ. ಪೂರ್ತಿ ಕೊಂಡು ಹಾಕುವುದಕ್ಕಿಂತ ಕೋಳಿಗೆ 9.10 ರೂ. ಉಳಿತಾಯ. 200 ಕೋಳಿಗೆ 1,820 ರೂ.; ವರ್ಷಕ್ಕೆ ಐದು ಬ್ಯಾಚಿಗೆ 9,100 ರೂ. ಅಗ್ಗದ ಫೀಡಿಗೂ ಈ ಮಿಶ್ರಣಕ್ಕೂ ಕಿಲೋಗೆ ಒಂದೇ ರೂಪಾಯಿ ವ್ಯತ್ಯಾಸ ಎಂಬುದನ್ನು ಗಮನಿಸಬೇಕು. ಲಾಭ ನಷ್ಟ ತೀರ್ಮಾನವಾದದ್ದು ಮೊದಲ ಮೂರು ವಾರದಲ್ಲಿ.

ಕಂಪನಿಯಿಂದ ಮರಿ, ಫೀಡು ಪಡೆದು ಸಾಕಣೆ ಕೂಲಿಗೆ ಬೆಳೆಸುವವರು ಕರಾರಿನಂತೆ ಅವರ ಫೀಡನ್ನೇ ಹಾಕಬೇಕಾಗುತ್ತದೆ. ಈ ಮಾತು ಸ್ವಂತ ಮರಿ ಸಾಕುವವರಿಗೆ.

ಮೊದಲ ಮೂರು ವಾರ ಏಕೆ ಮುಖ್ಯ?

ಒಂದು ದಿನದ ಮರಿಯ ತೂಕ 40 ಗ್ರಾಂ ಆಸುಪಾಸು. ಒಳ್ಳೆಯ ಆಹಾರ, ಕಾವು, ನೀರು ಸಿಕ್ಕಿದರೆ ಒಂದು ವಾರದಲ್ಲಿ ಅದು ನಾಲ್ಕು ಪಟ್ಟಾಗುತ್ತದೆ. ಕರುಳು, ಮೂಳೆ, ರೋಗ ತಡೆಯುವ ಶಕ್ತಿ ಎಲ್ಲಕ್ಕೂ ಬುನಾದಿ ಬೀಳುವುದು ಈ ದಿನಗಳಲ್ಲಿ. ಅದಕ್ಕೇ ಸ್ಟಾರ್ಟರ್ ಆಹಾರದಲ್ಲಿ ಶೇಕಡಾ 22ರಿಂದ 23ರಷ್ಟು ಪ್ರೋಟೀನ್ ಇರಬೇಕೆಂದೂ, ಫಿನಿಷರ್‌ಗೆ ಶೇಕಡಾ 20ರಷ್ಟು ಸಾಕೆಂದೂ ಇಟ್ಟಿರುವುದು. ಆಗ ಕಡಿಮೆ ಬಿದ್ದದ್ದು ಮುಂದೆ ಪೂರ್ತಿ ತುಂಬಿಬರುವುದು ಕಷ್ಟ. ತುಂಬಿದರೂ ದಿನ ಹೆಚ್ಚು ಹಿಡಿಯುತ್ತದೆ. ಇಷ್ಟಾಗಿಯೂ ಕೋಳಿ ಜೀವಮಾನದಲ್ಲಿ ತಿನ್ನುವ ಒಟ್ಟು ಆಹಾರದಲ್ಲಿ ಸ್ಟಾರ್ಟರ್‌ನ ಪಾಲು ಮೂರರಲ್ಲಿ ಒಂದು ಮಾತ್ರ. ಉಳಿದ ಎರಡು ಪಾಲಿನಲ್ಲಿ ಉಳಿತಾಯ ಮಾಡಲು ಬೇಕಾದಷ್ಟು ಅವಕಾಶವಿದೆ.

ನಮ್ಮ ಸುತ್ತ ಏನೇನಿದೆ?

ಮುಸುಕಿನ ಜೋಳ: ಹನೂರು ತಾಲ್ಲೂಕಿನ ಹೊಲಗಳಲ್ಲಿ, ಒಡೆಯರಪಾಳ್ಯದ ಟಿಬೆಟನ್ನರ ವಸತಿ ಸೇರಿದಂತೆ, ಇದು ಮುಖ್ಯ ಬೆಳೆ. ಕೋಳಿ ಆಹಾರದ ಅರ್ಧಕ್ಕೂ ಹೆಚ್ಚು ಭಾಗ ಇದೇ. 2023-24ರಿಂದ ಎಥೆನಾಲ್ ತಯಾರಿಕೆಗೆ ಜೋಳ ದೊಡ್ಡ ಪ್ರಮಾಣದಲ್ಲಿ ಹೋಗತೊಡಗಿದ ಮೇಲೆ ಕೋಳಿಯವರಿಗೆ ಪೈಪೋಟಿ ಹೆಚ್ಚಿತು. ಕೊಯ್ಲಿನ ಹೊತ್ತಿನಲ್ಲಿ ನೆರೆಯವರಿಂದಲೇ ಕೊಂಡು ಒಣಗಿಸಿ ಇಟ್ಟುಕೊಳ್ಳುವುದು ಲಾಭ.

ರಾಗಿ: ಮುಸುಕಿನ ಜೋಳದ ಬದಲು ಸ್ವಲ್ಪ ರಾಗಿ ಹಾಕಬಹುದು, ಕೋಳಿ ತಿನ್ನುತ್ತದೆ. ಆದರೆ ದರ ನೋಡಿ. 2025-26ಕ್ಕೆ ಕೇಂದ್ರ ಸರ್ಕಾರ ಪ್ರಕಟಿಸಿದ ಬೆಂಬಲ ಬೆಲೆ ಕ್ವಿಂಟಾಲಿಗೆ ರಾಗಿಗೆ 4,886 ರೂ., ಮುಸುಕಿನ ಜೋಳಕ್ಕೆ 2,400 ರೂ. ಒಂದು ಮೂಟೆ ರಾಗಿ ಮಾರಿದರೆ ಎರಡು ಮೂಟೆ ಜೋಳ ಬರುತ್ತದೆ. ತೂರಿದಾಗ ಉಳಿದ ಜೊಳ್ಳು, ನುಚ್ಚು ಕೋಳಿಗಿರಲಿ. ಒಳ್ಳೆಯ ರಾಗಿ ಮನೆಯ ಮಕ್ಕಳಿಗಿರಲಿ.

ರೇಷ್ಮೆ ಪ್ಯೂಪಾ: ಇದು ಬೇರೆ ಜಿಲ್ಲೆಯವರಿಗೆ ಸುಲಭವಾಗಿ ಸಿಗದ, ನಮಗೆ ಸಿಗುವ ಪದಾರ್ಥ. ಕೊಳ್ಳೇಗಾಲ, ಯಳಂದೂರು ಸೀಮೆ ರೇಷ್ಮೆಗೆ ಹೆಸರಾದದ್ದು. ಗೂಡಿನಿಂದ ನೂಲು ಬಿಚ್ಚಿದ ಮೇಲೆ ಉಳಿಯುವ ಹುಳುವನ್ನು ಒಣಗಿಸಿದರೆ ಅದರಲ್ಲಿ ಅರ್ಧದಷ್ಟು ಪ್ರೋಟೀನ್, ಕಾಲು ಭಾಗ ಕೊಬ್ಬು ಇರುತ್ತದೆ. ಮೀನುಪುಡಿಯ ಬದಲು ಬಳಸಬಹುದಾದ ಪದಾರ್ಥ. ಮೂರು ಎಚ್ಚರಿಕೆಗಳಿವೆ. ನೂಲು ಬಿಚ್ಚಿದ ದಿನವೇ ತಂದು ಬಿಸಿಲಿಗೆ ತೆಳುವಾಗಿ ಹರಡಿ ಗರಿಗರಿಯಾಗಿ ಒಣಗಿಸಬೇಕು; ಕೊಬ್ಬು ಹೆಚ್ಚಿರುವುದರಿಂದ ಬೇಗ ಮುಗ್ಗುತ್ತದೆ, ವಾಸನೆ ಹೊಡೆದದ್ದನ್ನು ಹಾಕಬಾರದು. ನೂರು ಕಿಲೋ ಮಿಶ್ರಣಕ್ಕೆ ಐದು ಕಿಲೋ ಮೀರಬಾರದು. ಮಾರುವ ವಾರ ನಿಲ್ಲಿಸಿ, ಆ ಐದು ಕಿಲೋ ಬದಲು ಸೋಯಾ ಹಿಂಡಿ ಹಾಕಬೇಕು. ಇಲ್ಲವಾದರೆ ಮಾಂಸಕ್ಕೆ ವಾಸನೆ ತಾಗುತ್ತದೆ, ಗಿರಾಕಿ ತಪ್ಪುತ್ತಾನೆ.

ಅಜೋಲ್ಲಾ: ಇದರಲ್ಲಿ ಶೇಕಡಾ 20ರಿಂದ 25 ಪ್ರೋಟೀನ್ ಎಂದು ಎಲ್ಲರೂ ಹೇಳುತ್ತಾರೆ. ಅದು ಒಣಗಿದ ತೂಕದ ಲೆಕ್ಕ. ತೊಟ್ಟಿಯಿಂದ ತೆಗೆದ ಹಸಿ ಅಜೋಲ್ಲಾ ನೂರಕ್ಕೆ 93 ಪಾಲು ನೀರು; ಒಂದು ಕಿಲೋ ಹಸಿಯಲ್ಲಿ ಪ್ರೋಟೀನ್ ಸುಮಾರು 15 ಗ್ರಾಂ ಮಾತ್ರ. ಹಿತ್ತಲಲ್ಲಿ ಓಡಾಡುವ ಕೋಳಿಗೆ ಬಹಳ ಒಳ್ಳೆಯದು. ಬ್ರಾಯ್ಲರ್‌ನ ಹೊಟ್ಟೆ ಚಿಕ್ಕದು, ಅದನ್ನು ನೀರಿನಿಂದ ತುಂಬಿಸಬಾರದು.

ಸೊಪ್ಪುಗಳು: ಒಣಗಿಸಿ ಪುಡಿ ಮಾಡಿದ ಹಿಪ್ಪುನೇರಳೆ ಸೊಪ್ಪು, ನುಗ್ಗೆ ಸೊಪ್ಪು ಹಿತ್ತಲ ಕೋಳಿಗೆ ಸ್ವಲ್ಪ ಸ್ವಲ್ಪ ಹಾಕಬಹುದು. ಸುಬಾಬುಲ್ ಸೊಪ್ಪಿನಲ್ಲಿ ಮಿಮೊಸಿನ್ ಎಂಬ ವಿಷಾಂಶವಿದೆ; ಅದು ಬೇಡ. ಹಸಿ ಮರಗೆಣಸಿನ ಸಿಪ್ಪೆ, ಎಲೆಗಳಲ್ಲಿ ಸಯನೈಡ್ ಅಂಶವಿರುವುದರಿಂದ ಅದೂ ಬೇಡ.

ನಮ್ಮ ತೋಟದ ಕಾಫಿ ಹಣ್ಣಿನ ಸಿಪ್ಪೆಯನ್ನು ಹಾಕಬಹುದೇ ಎಂದು ಹಲವರು ಕೇಳುತ್ತಾರೆ. ಬೇಡ. ಅದರಲ್ಲಿರುವ ಕೆಫೀನ್, ಟ್ಯಾನಿನ್ ಕೋಳಿಯ ಬೆಳವಣಿಗೆಯನ್ನು ಕುಂಠಿಸುತ್ತವೆ. ಅದರ ಜಾಗ ಗೊಬ್ಬರದ ಗುಂಡಿ. ತೋಟದಿಂದ ಕೋಳಿಗೆ ಹೋಗುವುದಕ್ಕಿಂತ ಕೋಳಿಯಿಂದ ತೋಟಕ್ಕೆ ಬರುವುದೇ ಹೆಚ್ಚು: ಶೆಡ್ಡಿನ ಗೊಬ್ಬರವನ್ನು ತರಗಿನೊಡನೆ ಪದರ ಪದರವಾಗಿ ಹಾಕಿ, ಎರಡು ಮೂರು ತಿಂಗಳು ಕೊಳೆಸಿ ಕಾಫಿಗೂ ಅಡಿಕೆಗೂ ಕೊಡಬಹುದು. ಹಸಿಯಾಗಿ ಬುಡಕ್ಕೆ ಹಾಕಿದರೆ ಬೇರು ಸುಡುತ್ತದೆ.

ನೂರು ಕಿಲೋ ಫಿನಿಷರ್ ಮಿಶ್ರಣ

ಇಪ್ಪತ್ತೆರಡನೆಯ ದಿನದಿಂದ ಹಾಕಬಹುದಾದ ಒಂದು ಮಿಶ್ರಣ ಹೀಗಿದೆ: ಮುಸುಕಿನ ಜೋಳದ ನುಚ್ಚು 58 ಕಿಲೋ, ಸೋಯಾ ಹಿಂಡಿ 27 ಕಿಲೋ, ಒಣಗಿಸಿ ಪುಡಿ ಮಾಡಿದ ಪ್ಯೂಪಾ 5 ಕಿಲೋ, ನುಚ್ಚಕ್ಕಿ 5 ಕಿಲೋ, ಅಡಿಗೆ ಎಣ್ಣೆ ಒಂದೂವರೆ ಕಿಲೋ, ಡೈಕ್ಯಾಲ್ಸಿಯಂ ಫಾಸ್ಫೇಟ್ ಒಂದೂವರೆ ಕಿಲೋ, ಸುಣ್ಣದಕಲ್ಲಿನ ಪುಡಿ 1 ಕಿಲೋ 200 ಗ್ರಾಂ, ಉಪ್ಪು 300 ಗ್ರಾಂ, ಕೋಳಿಗೆಂದೇ ಸಿಗುವ ವಿಟಮಿನ್, ಖನಿಜ ಮತ್ತು ಅಮೈನೋ ಆಮ್ಲಗಳ ಮಿಶ್ರಣ ಅರ್ಧ ಕಿಲೋ. ಇದರಲ್ಲಿ ಪ್ರೋಟೀನ್ ಶೇಕಡಾ 20ರಷ್ಟು ಬರುತ್ತದೆ.

ಉಪ್ಪು, ವಿಟಮಿನ್‌ಗಳನ್ನು ಮೊದಲು ಎರಡು ಕಿಲೋ ನುಚ್ಚಿನಲ್ಲಿ ಬೆರೆಸಿ, ಆಮೇಲೆ ಒಟ್ಟಿಗೆ ಸೇರಿಸಬೇಕು. ಒಂದೇ ಕಡೆ ಉಪ್ಪು ಕೂಡಿದರೆ ಕೋಳಿ ಸಾಯುತ್ತವೆ. ಹಳೆಯ ಫೀಡಿನಿಂದ ಹೊಸದಕ್ಕೆ ಒಮ್ಮೆಗೇ ಹೋಗದೆ ಮೂರು ನಾಲ್ಕು ದಿನ ಬೆರೆಸಿ ಹಾಕಿ. ಮೊದಲ ಸಲ ಇಪ್ಪತ್ತು ಕೋಳಿಗೆ ಬೇರೆಯಾಗಿ ಹಾಕಿ, ವಾರಕ್ಕೊಮ್ಮೆ ತೂಗಿ ಬರೆದಿಡಿ. ಮಿಶ್ರಣದ ಪಟ್ಟಿಯನ್ನು ತಮ್ಮ ಹೋಬಳಿಯ ಪಶುವೈದ್ಯರಿಗೆ ತೋರಿಸಿ ಸಲಹೆ ಪಡೆಯುವುದು ಒಳ್ಳೆಯದು.

ಬೂಷ್ಟು ಹಿಡಿದದ್ದು ಅಗ್ಗವಲ್ಲ, ವಿಷ

1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತವು. ಹುಡುಕಿದಾಗ ಅವುಗಳ ಆಹಾರದಲ್ಲಿದ್ದ ಬ್ರೆಜಿಲ್ ದೇಶದ ಕಡಲೆಕಾಯಿ ಹಿಂಡಿ ಬೂಷ್ಟು ಹಿಡಿದಿದ್ದುದು ಗೊತ್ತಾಯಿತು. ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಜಗತ್ತು ಗುರುತಿಸಿದ್ದು ಹಾಗೆ. ಅದು ಈಲಿಯನ್ನು ಕೆಡಿಸುತ್ತದೆ. ಎಳೆಯ ಮರಿಗೆ ಹೆಚ್ಚು ಅಪಾಯ. ನಾನೂ ಒಂದು ಮಳೆಗಾಲದಲ್ಲಿ ಮೂಟೆಯ ತಳದಲ್ಲಿ ಹಸಿರುಗಟ್ಟಿದ್ದ ಹಿಂಡಿಯನ್ನು ಎಸೆಯಲು ಮನಸ್ಸು ಬಾರದೆ ಬಿಸಿಲಿಗೆ ಹಾಕಿ ಬಳಸಿ, ನಲವತ್ತು ಮರಿ ಕಳೆದುಕೊಂಡೆ. ಬಿಸಿಲಿಗೆ ಬೂಷ್ಟು ಹೋಗಬಹುದು, ವಿಷ ಹೋಗುವುದಿಲ್ಲ.

ಮುಸುಕಿನ ಜೋಳದ ಕೊಯ್ಲಿನ ಮೇಲೆ ಹಿಂಗಾರು ಮಳೆ ಬಿದ್ದ ವರ್ಷ ಹೆಚ್ಚಿನ ಎಚ್ಚರಿಕೆ ಬೇಕು. ಕಾಳು ಹಲ್ಲಿಗೆ ಕಟಕ್ಕೆಂದು ಒಡೆಯುವಂತೆ ಒಣಗಿರಬೇಕು. ಮೂಟೆಗಳನ್ನು ನೆಲದ ಮೇಲಿಡದೆ ಮರದ ಹಲಗೆಯ ಮೇಲೆ, ಗೋಡೆಗೆ ತಾಗದಂತೆ ಜೋಡಿಸಿ. ಬೆರೆಸಿದ ಆಹಾರವನ್ನು ಎರಡು ವಾರಕ್ಕಿಂತ ಹೆಚ್ಚು ಇಡಬೇಡಿ.

ಇನ್ನು ಮಗುವಿನ ಮಾತು

ಕೋಳಿಮರಿಗೆ ಮೂರು ವಾರವಾದರೆ ಮಗುವಿಗೆ ಮೊದಲ ಮೂರು ವರ್ಷ. ಮಧ್ಯ ಅಮೆರಿಕದ ಗ್ವಾಟೆಮಾಲ ದೇಶದಲ್ಲಿ 1969ರಿಂದ 1977ರವರೆಗೆ ನಾಲ್ಕು ಹಳ್ಳಿಗಳಲ್ಲಿ ಒಂದು ಪ್ರಯೋಗ ನಡೆಯಿತು. ಎರಡು ಹಳ್ಳಿಯ ಮಕ್ಕಳಿಗೆ ಪ್ರೋಟೀನ್ ಇರುವ ಗಂಜಿ, ಇನ್ನೆರಡು ಹಳ್ಳಿಯ ಮಕ್ಕಳಿಗೆ ಸಕ್ಕರೆಯ ಪಾನಕ. ದಶಕಗಳ ನಂತರ ಅವರನ್ನು ಹುಡುಕಿ ಪರೀಕ್ಷಿಸಿದಾಗ, ಎಳವೆಯಲ್ಲಿ ಗಂಜಿ ಕುಡಿದವರು ಓದಿ ತಿಳಿಯುವುದರಲ್ಲಿ ಮುಂದಿದ್ದರು. ಎರಡು ವರ್ಷದೊಳಗೆ ಗಂಜಿ ಸಿಕ್ಕ ಗಂಡಸರ ಗಂಟೆಯ ಸಂಪಾದನೆ ಶೇಕಡಾ 46ರಷ್ಟು ಹೆಚ್ಚಿತ್ತೆಂದು 2008ರಲ್ಲಿ ಪ್ರಕಟವಾಯಿತು. ಮೂರು ವರ್ಷ ದಾಟಿದ ಮೇಲೆ ಸಿಕ್ಕವರಲ್ಲಿ ಸಂಪಾದನೆಯ ಈ ಹೆಚ್ಚಳ ಕಾಣಲಿಲ್ಲ.

ಹಾಗೆಂದು ಶಾಲೆಯ ವಯಸ್ಸಿನಲ್ಲಿ ಆಹಾರ ಮುಖ್ಯವಲ್ಲ ಎಂದಲ್ಲ. ಮಗು ಕೋಳಿಯಂತೆ ನಲವತ್ತು ದಿನದಲ್ಲಿ ಬೆಳೆದು ಮುಗಿಯುವುದಿಲ್ಲ. ನಮ್ಮ ದೇಶದ ಶಾಲೆಗಳ ಬಿಸಿಯೂಟದ ಬಗ್ಗೆ 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಐದು ವರ್ಷದವರೆಗೆ ಬಿಸಿಯೂಟ ಪಡೆದ ಮಕ್ಕಳು ಒಂದು ವರ್ಷಕ್ಕಿಂತ ಕಡಿಮೆ ಪಡೆದವರಿಗಿಂತ ಓದಿನಲ್ಲಿ ಶೇಕಡಾ 18, ಗಣಿತದಲ್ಲಿ ಶೇಕಡಾ 9ರಷ್ಟು ಹೆಚ್ಚು ಅಂಕ ಪಡೆದದ್ದು ಕಂಡುಬಂದಿದೆ. ಹಸಿದ ಹೊಟ್ಟೆಗೆ ಮಗ್ಗಿ ಹತ್ತುವುದಿಲ್ಲ ಎಂದು ನಮ್ಮ ಮೇಷ್ಟ್ರುಗಳು ಹೇಳುತ್ತಿದ್ದುದಕ್ಕೆ ಇದು ಲೆಕ್ಕದ ಆಧಾರ.

ನಮ್ಮ ರಾಜ್ಯದಲ್ಲಿ ಅಕ್ಷರ ದಾಸೋಹ 2002ರಲ್ಲಿ ಆರಂಭವಾಯಿತು. 2013ರಲ್ಲಿ ಕ್ಷೀರಭಾಗ್ಯದ ಹಾಲು, 2021ರ ಡಿಸೆಂಬರಿನಲ್ಲಿ ಮೊದಲು ಕಲ್ಯಾಣ ಕರ್ನಾಟಕದ ಕಡೆ ಹಾಗೂ 2022ರಲ್ಲಿ ಎಲ್ಲ ಜಿಲ್ಲೆಗಳಲ್ಲಿ ಮೊಟ್ಟೆ, 2024ರ ಫೆಬ್ರವರಿಯಲ್ಲಿ ರಾಗಿ ಮಾಲ್ಟ್ ಬಂದವು. 2024ರ ಸೆಪ್ಟೆಂಬರಿನಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ನೆರವಿನಿಂದ ವಾರಕ್ಕೆ ಎರಡು ದಿನವಿದ್ದ ಮೊಟ್ಟೆ ಆರು ದಿನವಾಯಿತು. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು.

ಆದರೆ ವರ್ಷದಲ್ಲಿ ನೂರಿಪ್ಪತ್ತು ದಿನದಷ್ಟು ಶಾಲೆ ಇರುವುದಿಲ್ಲ. ಆ ದಿನಗಳ ಮೊಟ್ಟೆ ಮನೆಯದಾಗಬೇಕು. ಮೊಟ್ಟೆಗೆ 7 ರೂ. ಹಿಡಿದರೂ ಒಂದು ಮಗುವಿಗೆ ವರ್ಷಕ್ಕೆ 840 ರೂ. ಮೇಲೆ ಹೇಳಿದ 9,100 ರೂ. ಉಳಿತಾಯದಲ್ಲಿ ಇಬ್ಬರು ಮಕ್ಕಳ ಮೊಟ್ಟೆ, ಪುಸ್ತಕ, ಬಸ್ಸಿನ ಖರ್ಚು ಎಲ್ಲ ಬರುತ್ತದೆ. ಕೊಳ್ಳುವುದೂ ಬೇಡವೆಂದರೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಅಭಿವೃದ್ಧಿಪಡಿಸಿದ ಗಿರಿರಾಜ ತಳಿಯ ನಾಲ್ಕೈದು ಹೇಂಟೆ ಹಿತ್ತಲಲ್ಲಿರಲಿ. ಒಂದೊಂದು ವರ್ಷಕ್ಕೆ 130ರಷ್ಟು ಮೊಟ್ಟೆ ಇಡುತ್ತದೆ. ಅಜೋಲ್ಲಾ, ರಾಗಿ ಜೊಳ್ಳು, ಗೆದ್ದಲು, ಅಡಿಗೆಮನೆಯ ಉಳಿಕೆ ಇವಕ್ಕೆ ಸಾಕು. ಕೊಕ್ಕರೆ ರೋಗದ ಲಸಿಕೆ ತಪ್ಪದೆ ಹಾಕಿಸಿ, ಬ್ರಾಯ್ಲರ್ ಶೆಡ್ಡಿನ ಹತ್ತಿರ ಬಿಡಬೇಡಿ.

ಮೊಟ್ಟೆ ಮುಟ್ಟದ ಮನೆಗಳಲ್ಲಿ ಹಾಲು, ಹುರುಳಿ, ಅವರೆ, ಕಡಲೆಕಾಯಿ ಇವೆ. ಸುಣ್ಣದ ಅಂಶದಲ್ಲಿ ರಾಗಿಯನ್ನು ಮೀರಿಸುವ ಧಾನ್ಯವಿಲ್ಲ. ಗರ್ಭಿಣಿ, ಬಾಣಂತಿಯರಿಗೆ 2017ರಲ್ಲಿ ಆರಂಭವಾದ ಮಾತೃಪೂರ್ಣ ಯೋಜನೆಯ ಅಂಗನವಾಡಿ ಊಟವನ್ನು ಸಂಕೋಚಪಟ್ಟು ಬಿಡಬೇಡಿ. ಕಾಫಿ ಬೆಳೆಗಾರರ ಪತ್ರಿಕೆಯಲ್ಲಿ ಬರೆಯಬಾರದ ಮಾತೊಂದನ್ನೂ ಬರೆಯುತ್ತೇನೆ: ಮಕ್ಕಳಿಗೆ ಬೆಳಿಗ್ಗೆ ಬರೀ ಕಾಫಿ ಕೊಟ್ಟು ಶಾಲೆಗೆ ಅಟ್ಟಬೇಡಿ. ಊಟದ ಜೊತೆ ಕುಡಿದ ಕಾಫಿ, ಊಟದಲ್ಲಿರುವ ಕಬ್ಬಿಣದ ಅಂಶ ಮೈಗೆ ಹತ್ತದಂತೆ ಮಾಡುತ್ತದೆ.

ಬೆಟ್ಟದ ಮೇಲಿನ ಉದಾಹರಣೆ

ದೂರದ ದೇಶದ ಮಾತು ಸಾಕೆನ್ನುವವರು ಬಿಳಿಗಿರಿರಂಗನ ಬೆಟ್ಟ ಹತ್ತಿ ನೋಡಬಹುದು. ವೈದ್ಯರಾಗಿ ಬಂದ ಡಾ. ಎಚ್. ಸುದರ್ಶನ್ ಅವರು 1981ರಲ್ಲಿ ಅಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಸ್ಥಾಪಿಸಿದರು. ಆಸ್ಪತ್ರೆಯ ಜೊತೆಗೇ ಶಾಲೆ, ವಿದ್ಯಾರ್ಥಿನಿಲಯ ಬೆಳೆದವು. ಸೋಲಿಗರ ಮಕ್ಕಳಿಗೆ ಪಾಠ, ಊಟ, ಔಷಧ ಒಂದೇ ಆವರಣದಲ್ಲಿ ದೊರೆತವು. ಅಲ್ಲಿ ಓದಿದವರಲ್ಲಿ ಡಾಕ್ಟರೇಟ್ ಪಡೆದವರೂ ಇದ್ದಾರೆ. ಸುದರ್ಶನ್ ಅವರಿಗೆ 1994ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂದದ್ದು ನಮ್ಮ ಜಿಲ್ಲೆಗೆಲ್ಲ ಗೌರವ.

ತಿಂದ ಮಗು ಶಾಲೆಯಲ್ಲಿ ಕೂರಲೂ ಬೇಕು. ಕಾಫಿ ಹಣ್ಣಿನ ಕೊಯ್ಲು ಬೀಳುವುದು ನವೆಂಬರಿನಿಂದ ಫೆಬ್ರವರಿಯವರೆಗೆ. ಪರೀಕ್ಷೆಗೆ ಓದುವ ಕಾಲವೂ ಅದೇ. ಕೊಯ್ಲಿಗೆಂದು, ಕೋಳಿ ಕಾಯಲೆಂದು ಮಗುವನ್ನು ನಿಲ್ಲಿಸಿಕೊಳ್ಳುವುದು ಸ್ಟಾರ್ಟರ್ ಬದಲು ತೌಡು ಹಾಕಿದಂತೆಯೇ. ನಮ್ಮ ತೋಟಕ್ಕೆ ಬರುವ ಆಳುಗಳ ಮಕ್ಕಳ ವಿಷಯದಲ್ಲೂ ಈ ಮಾತು ಅನ್ವಯಿಸುತ್ತದೆ. ಜಾನುವಾರಿನ ಸಂತೆಗೆ, ಕೋಳಿ ಮಾರುವುದಕ್ಕೆ ದಿನ ಗೊತ್ತುಮಾಡುವಾಗ ಗೋಡೆಯ ಕ್ಯಾಲೆಂಡರಿನಲ್ಲಿ ಪರೀಕ್ಷೆಯ ದಿನಗಳನ್ನೂ ನೋಡಿಕೊಳ್ಳಬೇಕು.

ಆರಂಭದಲ್ಲಿ ಹೇಳಿದ ಸದಸ್ಯರು ಈ ಲೆಕ್ಕವನ್ನು ಬರೆದುಕೊಂಡು ಹೋದರು. ಮುಂದಿನ ಬ್ಯಾಚಿಗೆ ಮೂರು ವಾರ ಸ್ಟಾರ್ಟರನ್ನೇ ಹಾಕಿ, ಆಮೇಲೆ ಪ್ಯೂಪಾ ಸೇರಿಸಿದ ಮಿಶ್ರಣ ಹಾಕಿದರು. ನಲವತ್ತಮೂರನೆಯ ದಿನ ಕೋಳಿ ಮಾರಾಟವಾಯಿತು. ಮುಂಗಡವನ್ನು ಎರಡು ಕಂತಿನಲ್ಲಿ ತೀರಿಸಿದ್ದಾರೆ. ಹುಡುಗ ಒಂಬತ್ತನೆಯ ತರಗತಿಯಲ್ಲಿದ್ದಾನೆ. ತಪ್ಪಿದ ಗಣಿತದ ಪಾಠಗಳನ್ನು ಸಂಜೆ ಮೇಷ್ಟ್ರ ಮನೆಗೆ ಹೋಗಿ ಕಲಿಯುತ್ತಿದ್ದಾನಂತೆ.

ಸೋಯಾ ಹಿಂಡಿ, ಖನಿಜ ಮಿಶ್ರಣಗಳನ್ನು ಒಬ್ಬೊಬ್ಬರೇ ಕೊಂಡರೆ ದುಬಾರಿ. ಹತ್ತು ಮಂದಿ ಕೂಡಿದರೆ ಮೂಟೆಗಟ್ಟಲೆ ಒಟ್ಟಿಗೆ ತರಿಸಬಹುದು, ಒಂದೇ ದಿನ ಮಿಲ್ಲಿನಲ್ಲಿ ಬೀಸಿಸಬಹುದು. ಆಸಕ್ತಿಯುಳ್ಳವರು ತಮ್ಮ ಹೆಸರು, ಸಾಕುವ ಕೋಳಿಗಳ ಸಂಖ್ಯೆ ಮತ್ತು ತಿಂಗಳಿಗೆ ಬೇಕಾಗುವ ಪ್ರಮಾಣವನ್ನು ಸಂಘದ ಕಚೇರಿಯಲ್ಲಿ ಬರೆಸಬೇಕಾಗಿ ಕೋರುತ್ತೇನೆ. ಕೋಳಿಯನ್ನು ನಿಜವಾಗಿ ನೋಡಿಕೊಳ್ಳುವವರು ಮನೆಯ ಹೆಣ್ಣುಮಕ್ಕಳಾದ್ದರಿಂದ ಅವರನ್ನೂ ಜೊತೆಯಲ್ಲಿ ಕರೆತನ್ನಿ.

— ಕಾರ್ಯದರ್ಶಿ